ಹೊಟ್ಟೆ ಉರಿಯಿತು ಅಂತ ಬರೆದಿದ್ದೀಯಲ್ಲ

ಸೋಮವಾರಪೇಟೆ,
ಮೇ ತಿಂಗಳ ಕೊನೆ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ನಾಲ್ಕು ಪುಟ ಬರೆದಿದ್ದೀಯ. ಅದರಲ್ಲಿ ಮೂರೂಮುಕ್ಕಾಲು ಪುಟ ನನಗೆ ಗೊತ್ತಿರುವುದೇ. ಮೊಣಕಾಲಿನ ಎರಡನೇ ಆಪರೇಷನ್, ಟೀಮಿನಿಂದ ಬಿಡಿಸಿ ಆಫೀಸಿನ ಕುರ್ಚಿಯಲ್ಲಿ ಕೂರಿಸಿದ್ದು, ನಿಮ್ಮಪ್ಪ ಮದುವೆ ಮಾತು ಎತ್ತಿದ್ದು, ಪೊನ್ನಂಪೇಟೆ ಕಡೆಯ ಆ ಶಾಲೆಯವರು ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಬನ್ನಿ ಎಂದು ಕರೆದದ್ದು. ಇದನ್ನೆಲ್ಲ ಮನೆಯಲ್ಲಿ ಹತ್ತು ಸಲ ಮಾತಾಡಿಯಾಗಿದೆ. ಅದಕ್ಕೆ ನಾನೇನೂ ಸೇರಿಸುವುದಿಲ್ಲ. ಉಳಿದ ಕಾಲು ಪುಟ ಇದೆಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ.

ಒಂದು ವಾರ ಬಂದು ಮಕ್ಕಳನ್ನು ನೋಡಿ ಹೋಗಿ ಅಂದರು, ಹೋದೆ ಎಂದು ಬರೆದಿದ್ದೀಯ. ಮೂರನೇ ದಿನ ಸಂಜೆ ಹದಿನಾರು ವರ್ಷದ ಒಬ್ಬ ಹುಡುಗಿ ಮೂರು ಪಾಯಿಂಟಿನ ಗೆರೆಯ ಹೊರಗಿನಿಂದ ಎಸೆದಳು. ಬಾಲು ರಿಂಗಿಗೆ ತಾಗದೆ ನೆಟ್ಟಿನೊಳಗೆ ಇಳಿಯಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ನೀನು ಬರೆದದ್ದು ಇಷ್ಟು: 'ನನಗೆ ಹೊಟ್ಟೆ ಉರಿಯಿತು ದೊಡ್ಡಪ್ಪ. ಮುಂದಿನದು ಮಿಸ್ ಆಗಲಿ ಅನ್ನಿಸಿತು. ಮಿಸ್ ಆಯಿತು. ಖುಷಿಯಾಯಿತು. ಇಂಥವಳು ಕೋಚ್ ಆಗಬಹುದಾ?'

ಕಾಗದ ಬಂದ ದಿನವೇ ಉತ್ತರ ಬರೆದಿದ್ದೆ. ಅದೇನೂ ದೊಡ್ಡ ವಿಷಯವಲ್ಲ, ನಾಲ್ಕು ದಿನದಲ್ಲಿ ಹೋಗುತ್ತದೆ, ಧೈರ್ಯವಾಗಿರು ಅಂತ. ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ರಾತ್ರಿ ಮಲಗಿದ ಮೇಲೆ ನನಗೇ ನಾಚಿಕೆಯಾಯಿತು. ಬೆಳಿಗ್ಗೆ ಎದ್ದು ಅದನ್ನು ಒಲೆಗೆ ಹಾಕಿದೆ. ನಿಮ್ಮ ದೊಡ್ಡಮ್ಮ ಕೇಳಿದಳು, ಸ್ಟಾಂಪು ಅಂಟಿಸಿದ್ದನ್ನು ಯಾಕೆ ಸುಡುತ್ತೀರಿ ಅಂತ. ಸುಳ್ಳು ಬರೆದಿದ್ದೆ ಅಂದೆ. ಅವಳು ಮತ್ತೆ ಕೇಳಲಿಲ್ಲ.

ನಾಲ್ಕು ದಿನದಲ್ಲಿ ಹೋಗುವುದಿಲ್ಲ ಪುಟ್ಟಿ. ನನಗಂತೂ ಹೋಗಲಿಲ್ಲ. ಅದನ್ನು ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಗೊತ್ತಿಲ್ಲ. ಈ ವಯಸ್ಸಲ್ಲಿ ಹೇಳಬೇಕಾ ಅಂತಲೂ ಅನ್ನಿಸಿತು. ಆದರೆ ನೀನು ಇಪ್ಪತ್ತೊಂಬತ್ತಕ್ಕೇ ಬರೆದು ತಿಳಿಸಿದ್ದೀಯ, ಎಪ್ಪತ್ತೊಂದಕ್ಕೂ ನಾನು ಬಾಯಿ ಬಿಡದಿದ್ದರೆ ಹೇಗೆ?

ನಾನು ಬ್ಯಾಂಕಿನ ಟೀಮಿಗೆ ಆಡಿದೆ, ಆಮೇಲೆ ಒಂದು ಹಾಸ್ಟೆಲ್ ಶಾಲೆಯಲ್ಲಿ ಐದು ವರ್ಷ ಹುಡುಗರಿಗೆ ಕಲಿಸಿದೆ, ಆಮೇಲೆ ತೋಟಕ್ಕೆ ಬಂದೆ. ಮನೆಯಲ್ಲಿ ನನ್ನ ಕತೆ ಅಂದರೆ ಇಷ್ಟೇ. ಹೇಳದೆ ಬಿಟ್ಟದ್ದು ನಡುವಿನ ಐದು ವರ್ಷದಲ್ಲಿದೆ.

ನಮ್ಮೂರಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನೆಂದರೆ ಏನರ್ಥ ಅಂತ ನಿನಗೆ ಹೇಳಬೇಕಾಗಿಲ್ಲ. ಸೋಮವಾರಪೇಟೆ ಅಂದರೆ ಹಾಕಿ. ಬಿ.ಪಿ. ಗೋವಿಂದ ಇಲ್ಲಿಯವರು, 1975ರ ವಿಶ್ವಕಪ್ ಗೆದ್ದ ತಂಡದಲ್ಲಿ ಇದ್ದವರು. ಆಮೇಲೆ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್. ಈಗಲೂ ನೋಡು, 2024ರಲ್ಲಿ ನಾಪೋಕ್ಲುವಿನ ಕೊಡವ ಕುಟುಂಬಗಳ ಹಾಕಿಯಲ್ಲಿ 360 ತಂಡ ಆಡಿದವು. ಇಂಥ ಜಿಲ್ಲೆಯಲ್ಲಿ ನಾನು ಆರು ಅಡಿ ಎರಡು ಇಂಚು ಬೆಳೆದೆ. ಹಾಕಿ ಸ್ಟಿಕ್ ಹಿಡಿದು ಬಗ್ಗಿದರೆ ಮೇಲೆ ಏಳುವಷ್ಟರಲ್ಲಿ ಬಾಲು ಗೋಲು ಸೇರಿರುತ್ತಿತ್ತು. 1973ರಲ್ಲಿ ಮೈಸೂರಿಗೆ ಕಾಲೇಜಿಗೆ ಹೋದಾಗ ಹಾಸ್ಟೆಲಿನ ಹಿಂದೆ ಒಂದು ಸಿಮೆಂಟ್ ಕೋರ್ಟು, ಮರದ ಬೋರ್ಡು, ನೆಟ್ಟಿಲ್ಲದ ರಿಂಗು. ಅಲ್ಲಿ ಮೊದಲ ಸಲ ನನ್ನ ಎತ್ತರವನ್ನು ಯಾರೂ ನಗಾಡಲಿಲ್ಲ. ಅಷ್ಟು ಸಾಕಾಯಿತು ನನಗೆ.

1980ರಲ್ಲಿ ಮಾಸ್ಕೋ ಒಲಿಂಪಿಕ್ಸ್. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ಹಾಕಿ ತಂಡ ಚಿನ್ನ ಗೆದ್ದಿತು. ಜಿಲ್ಲೆಯೆಲ್ಲ ಹಬ್ಬ. ಅದೇ ಮಾಸ್ಕೋದಲ್ಲಿ ಭಾರತದ ಬ್ಯಾಸ್ಕೆಟ್‌ಬಾಲ್ ತಂಡವೂ ಆಡಿತ್ತು ಅಂತ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಷ್ಟೋ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಸಿಕ್ಕಿದ ಜಾಗ ಅದು. ಇವತ್ತಿನವರೆಗೆ ನಾವು ಒಲಿಂಪಿಕ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದು ಅದೊಂದೇ ಸಲ. ನಾನು ಆ ತಂಡದ ಹತ್ತಿರಕ್ಕೂ ಇರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಲೆಡ್ಜರ್ ಬರೆದು ಸಂಜೆ ಬಾಲು ಎಸೆಯುತ್ತಿದ್ದ ಬ್ಯಾಂಕ್ ಆಟಗಾರ ನಾನು. ಪ್ರೊಫೆಷನಲ್ ಅನ್ನುವ ಪದವನ್ನು ಆಗ ಯಾರೂ ಬಳಸುತ್ತಿರಲಿಲ್ಲ. ಸಂಬಳ ಬರುತ್ತಿತ್ತು, ಟೂರ್ನಮೆಂಟಿಗೆ ಹೋದರೆ ಭತ್ಯೆ ಬರುತ್ತಿತ್ತು. ಅಮ್ಮನಿಗೆ ಕೊನೆಯವರೆಗೂ ಅರ್ಥವಾಗಿರಲಿಲ್ಲ, ಬ್ಯಾಂಕಿನವರು ಬಾಲು ಹಾಕುವುದಕ್ಕೆ ಯಾಕೆ ದುಡ್ಡು ಕೊಡುತ್ತಾರೆ ಅಂತ.

ನನ್ನ ಕೈಯಲ್ಲಿ ಇದ್ದದ್ದು ಒಂದೇ ವಿದ್ಯೆ. ದೂರದ ಶಾಟ್. ಕೋರ್ಟಿನ ಬಲ ಮೂಲೆಯಿಂದ, ಇಲ್ಲ ನಡುವಿನಿಂದ, ಎಲ್ಲರೂ ಅಲ್ಲಿಂದ ಯಾಕೆ ಹಾಕುತ್ತಾನೆ ಇವನು ಅನ್ನುವಷ್ಟು ದೂರದಿಂದ. ಕ್ಯಾಪ್ಟನ್ ಬೈಯುತ್ತಿದ್ದರು. ಹತ್ತಿರ ಹೋಗಿ ಹಾಕಿದರೂ ಎರಡೇ, ದೂರದಿಂದ ಹಾಕಿದರೂ ಎರಡೇ, ನಿನಗೇನು ಹುಚ್ಚಾ ಅಂತ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಹನ್ನೊಂದು ವರ್ಷ ನಾನು ಹಾಕಿದ್ದಕ್ಕೆಲ್ಲ ಎರಡೇ ಸಿಕ್ಕಿತು.

ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಮೂರು ಪಾಯಿಂಟಿನ ಗೆರೆ 1979ರಲ್ಲಿ ಬಂತು, ಅದರ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು. ಅಂತರರಾಷ್ಟ್ರೀಯ ಸಂಸ್ಥೆ ಫಿಬಾದವರು 1984ರಲ್ಲಿ ಒಪ್ಪಿಕೊಂಡರು, ರಿಂಗಿನಿಂದ 6.25 ಮೀಟರ್. ಅದು ನಾನು ಆಡುತ್ತಿದ್ದ ಕೋರ್ಟುಗಳ ನೆಲಕ್ಕೆ ಬರುವ ಹೊತ್ತಿಗೆ ನನ್ನ ಎರಡೂ ಕಾಲಿನ ಗಿಣ್ಣು ಹೋಗಿತ್ತು, ಬೆನ್ನು ಹೋಗಿತ್ತು. 1986ರಲ್ಲಿ ಆಟ ಬಿಟ್ಟೆ. 1988ರಲ್ಲಿ ಆ ಶಾಲೆಗೆ ಸೇರಿದೆ. ಅಲ್ಲಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅಳತೆ ಟೇಪು ಹಿಡಿದು, ಬಿಳಿ ಪೇಂಟಿನ ಡಬ್ಬ ಇಟ್ಟುಕೊಂಡು, ಆ ಗೆರೆ ಎಳೆದೆ. ಮಂಡಿಯೂರಿ ನನ್ನ ಕೈಯಾರೆ. ಎಳೆದು ಮುಗಿಸಿ ಅದರ ಹೊರಗೆ ನಿಂತು ನೋಡಿದೆ. ನಾನು ಇಷ್ಟು ವರ್ಷ ನಿಂತು ಹಾಕಿದ ಜಾಗ ಅದೇ.

ಎರಡು ವರ್ಷದ ಮೇಲೆ ಒಬ್ಬ ಹುಡುಗ ಬಂದ. ಹದಿನೈದು ವರ್ಷ, ಎಡಗೈ, ಒಣಕಲು. ಬಂದ ವಾರದಲ್ಲೇ ಅದೇ ಜಾಗದಿಂದ ಹಾಕಿದ. ಮೂರು ಪಾಯಿಂಟ್. ಹುಡುಗರು ಕೂಗಿದರು. ನಾನು ವಿಸಿಲ್ ಊದಿ ಕೂಗಾಟ ನಿಲ್ಲಿಸಿದೆ.

ನಿನ್ನ ಆ ಸಾಲು ಓದಿದಾಗ ನನಗೆ ಕೇಳಿಸಿದ್ದು ಆ ವಿಸಿಲ್. ಮೂವತ್ತೈದು ವರ್ಷದ ಹಿಂದಿನದು.

ನಾನು ಅವನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಮೊದಲು ರಿಂಗಿನ ಹತ್ತಿರ ಓಡಿ ಹೋಗಿ ಹಾಕುವ ಲೇ-ಅಪ್ ಸರಿ ಮಾಡಿಕೋ ಅಂದೆ. ಬಲಗೈಯಲ್ಲಿ ಡ್ರಿಬಲ್ ಬರಲ್ಲ ನಿನಗೆ, ಅದು ಬರುವವರೆಗೆ ದೂರದಿಂದ ಹಾಕುವಂತಿಲ್ಲ ಅಂದೆ. ಡಿಫೆನ್ಸ್ ಸೋಮಾರಿ ಅಂದೆ. ಇದರಲ್ಲಿ ಒಂದೂ ಸುಳ್ಳಲ್ಲ. ಅವನಿಗೆ ಬಲಗೈ ಬರುತ್ತಿರಲಿಲ್ಲ, ಡಿಫೆನ್ಸಿನಲ್ಲಿ ನಿಂತುಬಿಡುತ್ತಿದ್ದ. ಯಾವ ಕೋಚ್ ಕೇಳಿದರೂ ನಾನು ಹೇಳಿದ್ದು ಸರಿ ಅನ್ನುತ್ತಿದ್ದರು. ಅದೇ ನೋಡು ಇದರ ಕೆಟ್ಟತನ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ನಿಜ ಸಂಗತಿಗಳಲ್ಲೇ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ಉಳಿದ ಹನ್ನೊಂದು ಹುಡುಗರಲ್ಲಿ ಎಂಟು ಜನಕ್ಕೆ ಬಲಗೈಯೂ ಸರಿ ಇರಲಿಲ್ಲ, ಎಡಗೈಯಂತೂ ಇಲ್ಲವೇ ಇಲ್ಲ. ಅವರಿಗೆ ನಾನು ಯಾವ ಗೆರೆಯನ್ನೂ ಮುಚ್ಚಿರಲಿಲ್ಲ.

ಮೈಸೂರಿನಲ್ಲಿ ಒಂದು ಮ್ಯಾಚು. ಎದುರಿನವರು ಝೋನ್ ಹಾಕಿದ್ದರು, ಆಟಗಾರರ ಹಿಂದೆ ಓಡದೆ ಜಾಗ ಕಾಯುವುದು, ಎರಡು ಮುಂದೆ ಮೂರು ಹಿಂದೆ. ರಿಂಗಿನ ಕೆಳಗೆ ಇರುವೆಗೂ ಜಾಗವಿಲ್ಲ. ಝೋನ್ ಒಡೆಯುವುದು ಹೇಗೆ ಅಂತ ನಿನಗೆ ನಾನು ಹೇಳಿಕೊಡಬೇಕಾ? ಹೊರಗಿನಿಂದ ಎರಡು ಬಿದ್ದರೆ ಸಾಕು, ಅವರು ಮುಂದೆ ಬರಲೇಬೇಕು, ಒಳಗೆ ಜಾಗ ಆಗಲೇಬೇಕು. ಹೊರಗಿನಿಂದ ಹಾಕುವವನು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದ. ಶೂ ಲೇಸು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ನಾಲ್ಕು ಪಾಯಿಂಟ್ ಹಿಂದೆ ಇದ್ದೆವು, ಮೂರು ನಿಮಿಷ ಉಳಿದಿತ್ತು. ನಾನು ಅವನ ಕಡೆ ತಿರುಗಲಿಲ್ಲ. ಎರಡು ಪಾಯಿಂಟಿನಲ್ಲಿ ಸೋತೆವು.

ಆಮೇಲೆ ಪಿ.ಟಿ. ಮೇಷ್ಟ್ರು ಕೇಳಿದರು, ಆ ಎಡಚನನ್ನು ಯಾಕೆ ಇಳಿಸಲಿಲ್ಲ ಸಾರ್ ಅಂತ. ಅವನಿಗೆ ಡಿಫೆನ್ಸ್ ಇಲ್ಲ ಅಂದೆ. ಅವರು ಹೌದು ಹೌದು ಅಂದರು. ಮುಂದಿನ ವರ್ಷ ಆ ಹುಡುಗ ಬ್ಯಾಸ್ಕೆಟ್‌ಬಾಲಿಗೆ ಹೆಸರು ಕೊಡಲಿಲ್ಲ. ನನಗೆ ಹಗುರಾಯಿತು. ಖುಷಿ ಅಂತ ಹೇಳಲಾರೆ, ಹಗುರ.

ಇಷ್ಟು ಬರೆಯುವಷ್ಟರಲ್ಲಿ ಕರೆಂಟು ಹೋಯಿತು. ಎರಡು ದಿನದಿಂದ ಹೀಗೇ, ಗುಡುಗು ಬಂದರೆ ಸಾಕು. ಮಳೆಗಾಲಕ್ಕೆ ಮುಂಚೆ ಮರಗಸಿ, ನೆರಳಿನ ಮರಗಳ ಕೊಂಬೆ ಸವರುವುದು, ಮುಗಿಸಬೇಕು, ಆಳುಗಳು ಸಿಗುತ್ತಿಲ್ಲ. ಕಸಿ, ನೆರಳು, ಬಿಸಿಲು ಅಂತ ನಿನಗೆ ಒಂದು ಹೋಲಿಕೆ ಕೊಡೋಣ ಅಂತ ಬಾಯಿಗೆ ಬಂತು. ಬೇಡ. ತೋಟದವರು ಮಾತೆತ್ತಿದರೆ ಗಿಡಕ್ಕೆ ಹೋಗುತ್ತಾರೆ, ಮಕ್ಕಳು ಗಿಡಗಳಲ್ಲ.

ಮತ್ತೆ ನಿನ್ನ ಮಾತಿಗೇ ಬರುತ್ತೇನೆ. ಇಂಥವಳು ಕೋಚ್ ಆಗಬಹುದಾ.

2017 ನೆನಪಿದೆಯಾ? ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ, ಮಹಿಳೆಯರ ಏಷ್ಯಾ ಕಪ್, ಬಿ ಡಿವಿಷನ್. ಫೈನಲಿನಲ್ಲಿ ನಮ್ಮ ಹುಡುಗಿಯರು ಕಝಾಕಸ್ತಾನವನ್ನು 75-73ರಲ್ಲಿ ಸೋಲಿಸಿದರು. ನೀನು ನನ್ನ ಮತ್ತು ದೊಡ್ಡಮ್ಮನ ನಡುವೆ ಕೂತಿದ್ದೆ. ಆ ತಂಡದಲ್ಲಿ ಇರಬೇಕು ಅಂತ ನೀನು ಎಷ್ಟು ಆಸೆ ಪಟ್ಟಿದ್ದೆ ಅಂತ ನಮಗೆ ಗೊತ್ತಿತ್ತು. ಅದಕ್ಕೇ ನಾನು ಮ್ಯಾಚಿಗಿಂತ ನಿನ್ನ ಮುಖವನ್ನೇ ಜಾಸ್ತಿ ನೋಡಿದೆ. ನೀನು ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದೆ. ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಆವತ್ತು ನಿನಗೆ ಉರಿಯಲಿಲ್ಲ. ನಿನಗಿಂತ ಎಷ್ಟೋ ಚೆನ್ನಾಗಿ ಆಡುವವರನ್ನು ನೋಡಿಯೂ ಉರಿಯಲಿಲ್ಲ.

ಈ ಎಂಟು ದಿನ ಅದನ್ನೇ ಯೋಚನೆ ಮಾಡಿದ್ದೇನೆ. ಆವತ್ತು ಯಾಕಿಲ್ಲ, ಈಗ ಯಾಕೆ? ನನಗೆ ಹೊಳೆದದ್ದು ಇಷ್ಟೇ. ಆವತ್ತು ನಿನಗೆ ಇಪ್ಪತ್ತೊಂದು. ಎರಡು ಮೊಣಕಾಲೂ ನೆಟ್ಟಗಿದ್ದವು. ನಾಳೆ ಬೆಳಿಗ್ಗೆ ನಿನಗೂ ಪ್ರಾಕ್ಟೀಸ್ ಇತ್ತು. ನಾಳೆ ಇರುವವರಿಗೆ ಬೇರೆಯವರ ಇವತ್ತು ಚುಚ್ಚುವುದಿಲ್ಲ. ಹಾಗಾದರೆ ನಿನಗೆ ಉರಿದದ್ದು ಆ ಹುಡುಗಿಯ ಮೇಲಲ್ಲ, ಆಟದ ಮೇಲೆ ಅಂತ ಹೇಳೋಣವಾ? ಹೇಳಬಹುದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆಟಕ್ಕೆ ಮುಖ ಇಲ್ಲ, ಹುಡುಗಿಗೆ ಇದೆ. ಉರಿ ಹೋಗಿ ಬೀಳುವುದು ಅವಳ ಮೇಲೆಯೇ. ನನ್ನದು ಹೋಗಿ ಬಿದ್ದ ಹಾಗೆ.

ನಿನ್ನ ತಮ್ಮ ಹೋದ ತಿಂಗಳು ಬಂದಿದ್ದಾಗ ಮೊಬೈಲಿನಲ್ಲಿ ಅಮೆರಿಕದ ಆಟಗಾರ್ತಿ ಬೆಕಿ ಹ್ಯಾಮನ್ ಅನ್ನುವವಳ ಕತೆ ತೋರಿಸಿದ. ಅಕ್ಕನಿಗೆ ಹೇಳಿ ದೊಡ್ಡಪ್ಪ, ಅವಳಿಗೂ ಮೊಣಕಾಲಿನದೇ ಅಂದ. ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 2013ರಲ್ಲಿ ಸ್ಯಾನ್ ಆಂಟೋನಿಯೊ ತಂಡಕ್ಕೆ ಆಡುವಾಗ ನಿನ್ನ ಹಾಗೇ ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯಿತು. ಮನೆಯಲ್ಲಿ ಕೂರಲಿಲ್ಲ. ಅದೇ ಊರಿನ ಸ್ಪರ್ಸ್ ಗಂಡಸರ ತಂಡದ ಪ್ರಾಕ್ಟೀಸಿಗೆ ಹೋಗಿ ಕೂತಳು, ಕೋಚುಗಳ ಮೀಟಿಂಗಿನಲ್ಲಿ ಕೂತಳು, ಕೇಳಿದಳು, ಮಾತಾಡಿದಳು. 2014ರಲ್ಲಿ ಸ್ಪರ್ಸಿನ ಕೋಚ್ ಪಾಪೊವಿಚ್ ಅವಳನ್ನು ಅಸಿಸ್ಟೆಂಟ್ ಕೋಚ್ ಮಾಡಿಕೊಂಡರು. 2020ರ ಡಿಸೆಂಬರಿನಲ್ಲಿ ರೆಫರಿ ಪಾಪೊವಿಚ್ ಅವರನ್ನು ಹೊರಗೆ ಕಳಿಸಿದಾಗ ಉಳಿದ ಮ್ಯಾಚನ್ನು ನಡೆಸಿದವಳು ಅವಳು. ಎನ್‌ಬಿಎಯಲ್ಲಿ ಒಬ್ಬ ಹೆಂಗಸು ಹಾಗೆ ನಿಂತದ್ದು ಅದೇ ಮೊದಲು. ಆಮೇಲೆ ಲಾಸ್ ವೇಗಸ್ ಹುಡುಗಿಯರ ತಂಡಕ್ಕೆ ಕೋಚ್ ಆಗಿ 2022ರಲ್ಲಿ, ಮೊದಲ ವರ್ಷವೇ, ಕಪ್ ಗೆದ್ದಳು. 2023ರಲ್ಲಿ ಮತ್ತೆ.

ಕೇಳಿ ಸಂತೋಷವಾಯಿತು. ಆದರೆ ನಿನ್ನ ಪ್ರಶ್ನೆಗೆ ಅದು ಉತ್ತರವಲ್ಲ, ಅಲ್ವಾ? ಅವಳು ಆ ವರ್ಷ ಕೂತು ನೋಡಿದ್ದು ಆರೂವರೆ ಅಡಿ ಗಂಡಸರನ್ನು. ಅವರ ಶಾಟ್ ಅವಳ ಶಾಟ್ ಆಗಿರಲಿಲ್ಲ. ನಿನ್ನ ಎದುರಿಗೆ ನಿಂತವಳು ಹದಿನಾರರ ನೀನೇ. ಅದು ಬೇರೆ ಕಷ್ಟ. ಸಾಧಕರ ಕತೆ ಹೇಳಿ ಮಕ್ಕಳ ಬಾಯಿ ಮುಚ್ಚಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಹಳೆಯದು. ಎಂ.ಪಿ. ಗಣೇಶ್ 1973ರ ಹಾಕಿ ವಿಶ್ವಕಪ್ಪಿಗೆ ಕ್ಯಾಪ್ಟನ್ ಆಗಿದ್ದರು, ಆಮೇಲೆ ಭಾರತಕ್ಕೇ ಕೋಚ್ ಆದರು ಅಂತ ನಿಮ್ಮಪ್ಪ ನನಗೆ ಎಷ್ಟು ಸಲ ಹೇಳಿಲ್ಲ! ಬೇಕಾದರೆ ಇನ್ನೊಂದು ಕಡೆಯದೂ ಕೇಳು. ಎನ್‌ಬಿಎಯ ದೊಡ್ಡ ಆಟಗಾರ ಮ್ಯಾಜಿಕ್ ಜಾನ್ಸನ್ ಅಂಥವನು 1994ರಲ್ಲಿ ತನ್ನ ಹಳೆಯ ತಂಡ ಲೇಕರ್ಸಿಗೆ ಕೋಚ್ ಆಗಿ ನಿಂತದ್ದು ಹದಿನಾರೇ ಮ್ಯಾಚು. ಐದು ಗೆಲುವು, ಹನ್ನೊಂದು ಸೋಲು. ಸಾಕು ಅಂತ ಬಿಟ್ಟ. ಎರಡು ವರ್ಷದೊಳಗೆ ಮತ್ತೆ ಆಡಲು ಇಳಿದ, 1996ರ ಜನವರಿಯಲ್ಲಿ. ಅವನನ್ನು ನೆನೆಸಿಕೊಂಡರೆ ನನಗೆ ಯಾಕೋ ಸಮಾಧಾನ. ಬೆಂಚಿನಲ್ಲಿ ಕೂರಲು ಆಗದೆ ಎದ್ದುಬಿಟ್ಟವನು ನಾನೊಬ್ಬನೇ ಅಲ್ಲ.

ನನಗೆ ಯಾವಾಗ ಗೊತ್ತಾಯಿತು ಅಂತ ಹೇಳುತ್ತೇನೆ. ಶಾಲೆಯಲ್ಲಿ ಇದ್ದಾಗ ಅಲ್ಲ. ಆಗ ನಾನು ಶಿಸ್ತಿನ ಕೋಚ್ ಅಂತಲೇ ನಂಬಿದ್ದೆ. 2004ರಲ್ಲಿ, ನಿನಗೆ ಎಂಟು ವರ್ಷ. ಕಾಫಿ ಕಣದ ಅಂಚಿನ ಸಿಲ್ವರ್ ಓಕಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ರಿಂಗು ಹಾಕಿಕೊಟ್ಟಿದ್ದೆನಲ್ಲ. ಹತ್ತು ಅಡಿ. ಎರಡು ಕೈಯಲ್ಲಿ ಎತ್ತಿ, ಕೂತು, ಎದ್ದು ಎಸೆಯುತ್ತಿದ್ದೆ. ಮೂರು ವಾರ ರಿಂಗಿನ ಹತ್ತಿರವೂ ಹೋಗಲಿಲ್ಲ. ಒಂದು ಸಂಜೆ ಬಿತ್ತು. ನಾನು ಒಣಹಾಕಿದ ಕಾಫಿಯ ಮೇಲೆಯೇ ಓಡಿ ಬಂದೆ, ಆಳುಗಳು ನಕ್ಕರು. ಅಷ್ಟು ಖುಷಿ. ರಾತ್ರಿ ಊಟಕ್ಕೆ ಕೂತಾಗ ಆ ಎಡಗೈ ಹುಡುಗನ ಮುಖ ಬಂತು. ಇವಳ ಒಂದು ಬಾಲಿಗೆ ಇಷ್ಟು ಕುಣಿದೆ, ಅವನು ಹಾಕಿದಾಗ ವಿಸಿಲ್ ಯಾಕೆ ಊದಿದೆ? ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಹದಿನಾಲ್ಕು ವರ್ಷ ಬೇಕಾಯಿತು ನನಗೆ. ನೀನು ಮೂರನೇ ದಿನವೇ ಹಿಡಿದಿದ್ದೀಯ.

ಅವನು ಈಗ ಕುಶಾಲನಗರದಲ್ಲಿ ಅಂಗಡಿ ಇಟ್ಟಿದ್ದಾನೆ. ಸ್ಪ್ರೇಯರ್, ಪಂಪು, ಪೈಪು, ಅದರ ಬಿಡಿ ಭಾಗಗಳು. ಐದು ವರ್ಷದ ಹಿಂದೆ ಗೊತ್ತಿಲ್ಲದೆ ಹೋದೆ, ವಾಷರ್ ಬೇಕಿತ್ತು. ತಲೆ ನರೆತಿದೆ, ಹೊಟ್ಟೆ ಬಂದಿದೆ. ಎಡಗೈಯಲ್ಲಿ ಬಿಲ್ಲು ಬರೆಯುವಾಗ ಗುರುತು ಹತ್ತಿತು. ಅವನು ನನ್ನನ್ನು ಮೊದಲೇ ಗುರುತು ಹಿಡಿದಿದ್ದ. ಎದ್ದು ನಿಂತ. ಬರೆದ ಬಿಲ್ಲು ಹರಿದು ಹಾಕಿದ. ಸಾರ್ ಹತ್ತಿರ ದುಡ್ಡು ತಗೊಳ್ಳೋದಾ ಅಂದ. ನನಗೆ ಮಾತು ಬರಲಿಲ್ಲ. ಇಪ್ಪತ್ತು ರೂಪಾಯಿಯ ವಾಷರ್ ಕೈಯಲ್ಲಿ ಹಿಡಿದು ಹೊರಗೆ ಬಂದೆ. ಈಗ ವಾಷರ್ ಬೇಕಾದರೆ ಮಡಿಕೇರಿಗೆ ಹೋಗುತ್ತೇನೆ. ನಿಮ್ಮ ದೊಡ್ಡಮ್ಮ ಬೈಯುತ್ತಾಳೆ, ಬಸ್ ಚಾರ್ಜಿಗೇ ನಾಲ್ಕು ವಾಷರ್ ಬರುತ್ತವೆ ಅಂತ.

ಏನು ಮಾಡಬೇಕು ಅಂತ ಕೇಳಿದ್ದೀಯ. ನಾನು ಕೆಡಿಸಿದವನು, ನನ್ನ ಮಾತು ಎಷ್ಟು ಬೆಲೆಯದ್ದು ಅಂತ ನೀನೇ ತೂಗಿ ನೋಡು. ಕೇಳಿದರೆ ಕೇಳು, ಬಿಟ್ಟರೆ ಬಿಡು.

ಒಂದು ನೋಟ್‌ಬುಕ್ ಇಡು. ಯಾರನ್ನು ಎಷ್ಟು ನಿಮಿಷ ಆಡಿಸಿದೆ ಅಂತ ಬರೆ, ಯಾಕೆ ಇಳಿಸಲಿಲ್ಲ ಅಂತಲೂ ಬರೆ. ಒಬ್ಬಳಿಗೆ ಹೇಳಿದ ಕಾರಣ ಇನ್ನೊಬ್ಬಳಿಗೂ ಹೊಂದುತ್ತದಾ ನೋಡು. ನನ್ನ ಹತ್ತಿರ ಅಂಥ ನೋಟ್‌ಬುಕ್ ಇದ್ದಿದ್ದರೆ ಆ ಎಂಟು ಹುಡುಗರ ಬಲಗೈ ನನ್ನ ಕಣ್ಣಿಗೆ ಬೀಳುತ್ತಿತ್ತು. ಇನ್ನೊಬ್ಬ ಟೀಚರ್ ಆ ಪುಸ್ತಕ ನೋಡುವ ಹಾಗಿದ್ದರೆ ಇನ್ನೂ ಒಳ್ಳೆಯದು, ಹೌದು ಹೌದು ಅನ್ನುವವರನ್ನು ಬಿಟ್ಟು.

ಮಕ್ಕಳಿಗೆ ತೋರಿಸುವುದಕ್ಕೆ ಅಂತ ಶಾಟ್ ಹಾಕುತ್ತೀಯಲ್ಲ, ಅದನ್ನು ಕಡಿಮೆ ಮಾಡು. ಎರಡು ತೋರಿಸಿದ ಮೇಲೆ ಮೂರನೆಯದು ನಮಗಾಗಿ ಹಾಕುವುದು. ನಾನು ಹತ್ತು ಹಾಕುತ್ತಿದ್ದೆ. ನಿನಗೆ ಹಾಕಲೇಬೇಕು ಅನ್ನಿಸಿದರೆ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಹೋಗಿ ಫ್ರೀ ಥ್ರೋ ಹಾಕು. ಅದಕ್ಕೆ ಹಾರಬೇಕಾಗಿಲ್ಲ, ಮೊಣಕಾಲು ಬೇಡುವುದಿಲ್ಲ. ಕೈಗೆ ಬಾಲು ಸಿಕ್ಕಿದ ದಿನ ಮನುಷ್ಯ ಸ್ವಲ್ಪ ಒಳ್ಳೆಯವನಾಗಿರುತ್ತಾನೆ. ಇದೊಂದನ್ನು ನಾನು ಗ್ಯಾರಂಟಿ ಹೇಳಬಲ್ಲೆ.

ಇನ್ನೊಂದು, ಇದು ನಿನ್ನಿಂದ ಮಾತ್ರ ಆಗುವುದು. ನಿನ್ನ ಕಾಲು ಹೋದಾಗ ಯಾರೂ ತಾಗಿರಲಿಲ್ಲ. ರಿಂಗಿಗೆ ತಾಗಿ ವಾಪಸ್ ಬರುವ ಬಾಲಿಗೆ, ಆ ರಿಬೌಂಡಿಗೆ ಹಾರಿದೆ, ಒಂದೇ ಕಾಲಿನ ಮೇಲೆ ಇಳಿದೆ, ಮೊಣಕಾಲು ಒಳಗೆ ವಾಲಿತು. ಹುಡುಗಿಯರಿಗೆ ಹೀಗಾಗುವುದು ಹುಡುಗರಿಗಿಂತ ಜಾಸ್ತಿ ಅಂತ ಡಾಕ್ಟರು ನನಗೂ ಹೇಳಿದರು. ಇಳಿಯುವುದನ್ನು ಕಲಿಸಬಹುದಂತೆ. ಎರಡು ಕಾಲಿನ ಮೇಲೆ, ಮಂಡಿ ಮಡಚಿ, ಮಂಡಿ ಪಾದದ ನೇರಕ್ಕೆ, ಸದ್ದಿಲ್ಲದೆ. ನನ್ನ ಹುಡುಗರಿಗೆ ನಾನು ಹಾರುವುದನ್ನು ಕಲಿಸಿದೆ, ಇಳಿಯುವುದನ್ನು ಕಲಿಸಲಿಲ್ಲ. ನನಗೆ ಅದೊಂದು ವಿದ್ಯೆ ಅಂತಲೇ ಗೊತ್ತಿರಲಿಲ್ಲ. ಆ ಹುಡುಗಿಯ ಶಾಟ್ ನೋಡಬೇಡ ಅಂತ ಹೇಳಿದರೆ ನಿನಗೆ ಆಗುವುದಿಲ್ಲ. ಅವಳು ಎಸೆದ ಮೇಲೆ ಬಾಲು ಹೋಗುವ ಕಡೆ ಎಲ್ಲರೂ ನೋಡುತ್ತಾರೆ. ನೀನು ಅವಳ ಕಾಲು ನೋಡು, ಹೇಗೆ ಇಳಿದಳು ಅಂತ.

ಪಟಿಯಾಲಕ್ಕೆ ಹೋಗಿ ಎನ್‌ಐಎಸ್, ಅಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ, ಕೋಚಿಂಗ್ ಡಿಪ್ಲೊಮಾ ಮಾಡು ಅಂತ ನಿಮ್ಮಪ್ಪ ಹೇಳುತ್ತಿರುವುದು ಸರಿ, ಅದರಲ್ಲಿ ನಾನು ಅವನ ಪಕ್ಷ. ಅದು ಒಂದು ವರ್ಷದ್ದು. ಆಗದಿದ್ದರೆ ಆರು ವಾರದ ಕೋರ್ಸಾದರೂ. 1961ರಿಂದ ಇರುವ ಜಾಗ, ಮಹಾರಾಜರ ಹಳೆಯ ಮೋತಿಬಾಗ್ ಅರಮನೆ. ನನಗೂ ಹೋಗಿ ಅಂದಿದ್ದರು. ಹನ್ನೊಂದು ವರ್ಷ ಆಡಿದವನಿಗೆ ಕಲಿಸುವುದನ್ನು ಇನ್ನೊಬ್ಬರು ಹೇಳಿಕೊಡಬೇಕಾ ಅಂತ ಹೋಗಲಿಲ್ಲ. ಆಡುವುದು ಬೇರೆ, ಕಲಿಸುವುದು ಬೇರೆ. ಹೋಗಿದ್ದರೆ ಹೊಟ್ಟೆಕಿಚ್ಚು ಹೋಗುತ್ತಿತ್ತು ಅಂತ ಅಲ್ಲ. ಅಲ್ಲಿ ನನ್ನಂಥ ಇನ್ನೂ ಇಪ್ಪತ್ತು ಜನ ಆಟ ಬಿಟ್ಟವರು ಇರುತ್ತಿದ್ದರು, ರಾತ್ರಿ ಹೊತ್ತು ಯಾರಾದರೊಬ್ಬರು ಬಾಯಿ ಬಿಡುತ್ತಿದ್ದರೋ ಏನೋ.

ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ರಜೆ ಸಿಗುತ್ತದಾ ಕೇಳು. ಇದನ್ನು ಹೇಳಲು ನನಗೆ ಸಂಕೋಚ, ಅದು ಗುಮಾಸ್ತನ ಬುದ್ಧಿ. ಆದರೂ ಕೇಳು.

ನಿನ್ನ ಕಾಗದವನ್ನು ಈಗ ಮತ್ತೆ ತೆಗೆದು ಓದಿದೆ, ಮೇಣದ ಬತ್ತಿ ಹಚ್ಚಿಕೊಂಡು. ಆಗಬಹುದಾ ಅಂತ ಕೇಳಿದ್ದೀಯ. ಆಗಬಹುದು ಅಂತ ಬರೆಯಲು ಕೈ ಹೋಗುತ್ತಿದೆ, ಅದೇ ಹೊತ್ತಿಗೆ ಆ ಎಡಗೈ ಹುಡುಗ ಲೇಸು ಬಿಚ್ಚಿ ಕಟ್ಟುತ್ತಿರುವುದು ಕಾಣುತ್ತದೆ. ನಿನಗೆ ಬಂದದ್ದು ನನಗೆ ಬಂದದ್ದೇ. ಅದು ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಒಂದು ವ್ಯತ್ಯಾಸ ಮಾತ್ರ ಕಾಣುತ್ತದೆ ನನಗೆ. ನಾನು ಅದಕ್ಕೆ ಶಿಸ್ತು ಅಂತ ಹೆಸರಿಟ್ಟ ದಿನವೇ ಆ ಹುಡುಗನ ಆಟ ಮುಗಿದಿತ್ತು. ನೀನು ಅದನ್ನು ಹೊಟ್ಟೆ ಉರಿ ಅಂತಲೇ ಬರೆದಿದ್ದೀಯ. ಹಾಗೇ ಕರೆಯುತ್ತಿರು. ಮತ್ತೆ ಬಂದಾಗ ಮತ್ತೆ ನನಗೆ ಬರೆ. ಎಷ್ಟು ಸಲ ಬಂದರೂ ಬರೆ. ನಾನು ಬೇಸರ ಪಟ್ಟುಕೊಳ್ಳುವುದಿಲ್ಲ.

ಕಣದಲ್ಲಿ ನಿನ್ನ ರಿಂಗು ಇನ್ನೂ ಇದೆ. ಮರ ದಪ್ಪವಾಗಿ ಕಬ್ಬಿಣವನ್ನು ಅರ್ಧ ನುಂಗಿದೆ. 2010ರಲ್ಲಿ ಗೆರೆ 6.75 ಮೀಟರಿಗೆ ಹೋಯಿತು ಅಂತ ನೀನು ಹಠ ಮಾಡಿ ನನ್ನಿಂದ ಸುಣ್ಣದಲ್ಲಿ ಮತ್ತೆ ಎಳೆಸಿದ್ದೆ, ಅರ್ಧ ಮೀಟರ್ ಹಿಂದೆ. ಆ ಗೆರೆ ಮಳೆಗೆ ಹೋಗಿ ಎಷ್ಟು ವರ್ಷವಾಯಿತೋ, ನನಗೆ ಅದು ಎಲ್ಲಿತ್ತು ಅಂತ ಈಗಲೂ ಗೊತ್ತು. ಅಲ್ಲಿ ಕಾಲಿಡುವಾಗ ದಾಟಿ ಹೋಗುತ್ತೇನೆ.

ಒಂದು ಮಾತು ಬಿಟ್ಟೇ ಹೋಗಿತ್ತು. ನಾಲ್ಕು ಪುಟದಲ್ಲಿ ಆರು ಕಡೆ ಆ ಹುಡುಗಿ, ಆ ಹುಡುಗಿ ಅಂತಲೇ ಬರೆದಿದ್ದೀಯ. ನಾನೂ ನನ್ನವನನ್ನು ಜರ್ಸಿ ನಂಬರಿನಿಂದಲೇ ಕರೆಯುತ್ತಿದ್ದೆ. ಮುಂದಿನ ಕಾಗದದಲ್ಲಿ ಅವಳ ಹೆಸರು ಬರೆ.

ನಿನ್ನ,
ದೊಡ್ಡಪ್ಪ